ಹೊದಿಸಿದ ಎಲೆಗೆ ಗೆದ್ದಲು ಹತ್ತಿದೆ, ತೆಗೆಯಬೇಕೇ?

ಪ್ರಶ್ನೆ: ನಾವು ಗದಗದ ಕಡೆಯವರು. ಪುಣೆಯ ಕೋಥ್ರೂಡ್‌ನಲ್ಲಿ ಹದಿನೆಂಟು ವರ್ಷದಿಂದ ಇದ್ದೇವೆ. ಸಾಸವಡದ ಹತ್ತಿರ ಇಪ್ಪತ್ತು ಗುಂಟೆ ಜಾಗ ತಗೊಂಡು ಸೀತಾಫಲ, ಅಂಜೂರ, ನಾಲ್ಕು ಮಾವು ಹಾಕಿದ್ದೇವೆ. ಸಂಕ್ರಾಂತಿ ಆದಮೇಲೆ ನಮ್ಮ ವಸತಿ ಸೊಸೈಟಿಯ ಒಣ ಎಲೆಯನ್ನು ಚೀಲಗಟ್ಟಲೆ ಒಯ್ದು ಗಿಡಗಳ ಬುಡಕ್ಕೆ ಹೊದಿಸಿದೆವು. ಹೋಳಿ ಹೊತ್ತಿಗೆ ಎಲೆಯ ಮೇಲೆಲ್ಲ ಮಣ್ಣಿನ ಪದರ, ಕೆದರಿದರೆ ಗೆದ್ದಲು. ಎರಡು ಮಾವಿನ ಕಾಂಡಕ್ಕೂ ಮಣ್ಣು ಹತ್ತಿದೆ. ಮಾಳಿ ‘ಎಲ್ಲಾ ಬಳಿದು ಸುಟ್ಟುಬಿಡಿ, ಔಷಧ ಹುಯ್ಯಿರಿ, ಮೂಲೆಯಲ್ಲಿರೋ ಹುತ್ತ ಅಗೆಸಿ’ ಅಂತಾನೆ. ನಮ್ಮ ಅತ್ತೆ ಆ ಹುತ್ತಕ್ಕೆ ಪಂಚಮಿಗೆ ಹಾಲೆರೆಯುತ್ತಾರೆ, ಮುಟ್ಟಲು ಬಿಡುವುದಿಲ್ಲ. ಗೆದ್ದಲು ಎಲೆ ತಿಂದರೆ ಮಣ್ಣಿಗೆ ಲಾಭವೋ, ನಷ್ಟವೋ? ಗೊಬ್ಬರ ಆಗಬೇಕಾದ್ದನ್ನು ಅದು ಕದ್ದುಕೊಂಡು ಹೋಗುತ್ತಿದೆಯೇ?

ಉತ್ತರ: ಮೊದಲು ಮಾಳಿಯ ಕೈಯಿಂದ ಬೆಂಕಿಪೊಟ್ಟಣ ಇಸಿದುಕೊಳ್ಳಿ. ಎಲೆ ಸುಟ್ಟರೆ ಅದರಲ್ಲಿರುವ ಸಾರಜನಕದ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ. ಗೆದ್ದಲು ಒಯ್ದದ್ದು ಹೆಚ್ಚೆಂದರೆ ನಿಮ್ಮದೇ ಜಾಗದ ಮೂಲೆಗೆ ಹೋದೀತು.

ಇನ್ನು ಕಳ್ಳತನದ ಮಾತು. ಗೆದ್ದಲು ಎಲೆ ಒಯ್ಯುವುದು ನಿಜ. ಆದರೆ ಊರು ಬಿಟ್ಟು ಓಡುವ ಕಳ್ಳ ಅದಲ್ಲ. ಮಾವಿನ ಬುಡದಿಂದ ಎತ್ತಿದ್ದನ್ನು ತನ್ನ ಗೂಡಿನಲ್ಲಿ ಇಡುತ್ತದೆ. ಅಲ್ಲಿಂದ ಅದು ಬೇರೆ ರೂಪದಲ್ಲಿ, ಬೇರೆ ಜಾಗದಲ್ಲಿ, ತಡವಾಗಿ ಮಣ್ಣಿಗೆ ಬರುತ್ತದೆ. ನಿಮ್ಮ ಲಾಭ ನಷ್ಟದ ಲೆಕ್ಕ ನಿಂತಿರುವುದು ಆ ‘ಎಲ್ಲಿ’ ಮತ್ತು ‘ಯಾವಾಗ’ ಅನ್ನುವುದರ ಮೇಲೆ.

ಕ್ಯಾಲೆಂಡರ್ ತೆಗೆದು ನೋಡಿ. ಪುಣೆ ಕಡೆ ಮಳೆ ಜೂನ್‌ನಿಂದ ಸೆಪ್ಟೆಂಬರ್, ಜಾಸ್ತಿ ಅಂದ್ರೆ ಅಕ್ಟೋಬರ್‌ವರೆಗೆ. ಮರಗಳು ಎಲೆ ಉದುರಿಸುವುದು ಯಾವಾಗ? ಬಹುಪಾಲು ಚಳಿ ಇಳಿಯುವ ಹೊತ್ತಿಗೆ, ಫೆಬ್ರವರಿ ಮಾರ್ಚ್‌ನಲ್ಲಿ. ಆಗ ಮೇಲ್ಮಣ್ಣಿನಲ್ಲಿ ಪಸೆಯೇ ಇರುವುದಿಲ್ಲ. ಎಲೆ ಕೊಳೆಸುವ ಬ್ಯಾಕ್ಟೀರಿಯಾ, ಬೂಷ್ಟು ಎರಡಕ್ಕೂ ನೀರು ಬೇಕು. ನೀರಿಲ್ಲದೆ ಅವು ಸುಮ್ನೆ ಮಲಗಿರುತ್ತವೆ. ಎರೆಹುಳು ಆಳಕ್ಕೆ ಇಳಿದು ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ. ಮೃಗಶಿರಾ ಬರುವವರೆಗೆ ಆ ಒಣ ಎಲೆಯ ತಂಟೆಗೆ ಬರುವವರು ಇಬ್ಬರೇ, ಬೆಂಕಿ ಮತ್ತು ಗೆದ್ದಲು.

ಇಷ್ಟು ಬಿಸಿಲಿನಲ್ಲಿ ಗೆದ್ದಲು ಹೇಗೆ ಬದುಕುತ್ತದೆ? ಅದರ ಚರ್ಮ ತೆಳು, ಬಯಲಿಗೆ ಬಂದರೆ ಬೇಗ ಒಣಗಿ ಸಾಯುತ್ತದೆ. ಅದಕ್ಕೇ ಕೆಳಗಿನಿಂದ ಹಸಿ ಜೇಡಿ ತಂದು, ಎಂಜಲು ಕಲಸಿ, ಎಲೆಯ ಮೇಲೆ ಮಾಡು ಕಟ್ಟುತ್ತದೆ. ನೀವು ನೋಡಿದ ಮಣ್ಣಿನ ಪದರ ಅದೇ. ಮದುವೆ ಮನೆಯವರು ಮೊದಲು ಹಂದರ ಹಾಕಿ ಆಮೇಲೆ ಊಟಕ್ಕೆ ಕೂಡಿಸುವ ಹಾಗೆ. ಹಂದರದ ಒಳಗೆ ತಂಪು, ತೇವ, ಕತ್ತಲು. ಹೊರಗೆ ನಲವತ್ತು ಡಿಗ್ರಿ ಇದ್ದರೂ ಒಳಗೆ ಕೆಲಸ ನಡೆದಿರುತ್ತದೆ.

ಒಣ ಕಾಲ ಬಂದಷ್ಟೂ ಗೆದ್ದಲ ಪಾಲು ಹೆಚ್ಚುತ್ತದೆ ಎನ್ನುವುದು ನನ್ನ ಊಹೆಯ ಮಾತಲ್ಲ. ಬೋರ್ನಿಯೋದ ಸಬಾ ಪ್ರಾಂತದ ಮಳೆಕಾಡಿನಲ್ಲಿ ಸಂಶೋಧಕರು ಕೆಲವು ತುಂಡು ಜಾಗಗಳಲ್ಲಿ ಗೆದ್ದಲನ್ನು ಕಡಿಮೆ ಮಾಡಿ, ಉಳಿದ ಕಡೆ ಹಾಗೇ ಬಿಟ್ಟು ಹೋಲಿಸಿ ನೋಡಿದರು. ನಡುವೆ 2015-16ರ ಎಲ್ ನಿನೋ ಬರ ಬಂತು. ಬರದಲ್ಲಿ ಗೆದ್ದಲ ಸಂಖ್ಯೆ ಇಮ್ಮಡಿಗಿಂತ ಹೆಚ್ಚಾಯಿತು. ಅವು ಇದ್ದ ಕಡೆ ಎಲೆ ಬೇಗ ಕರಗಿತು, ಮಣ್ಣಿನಲ್ಲಿ ತೇವ ಜಾಸ್ತಿ ಉಳಿಯಿತು, ಸಸಿಗಳೂ ಹೆಚ್ಚು ಬದುಕಿದವು. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಪ್ರಪಂಚದ 133 ಜಾಗಗಳಲ್ಲಿ ಮರದ ತುಂಡು ಇಟ್ಟು ನೋಡಿದ್ದಾರೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಸೂಕ್ಷ್ಮಜೀವಿಗಳ ಕೆಲಸ ಸುಮಾರು ಎರಡು ಪಟ್ಟಾಗುತ್ತದೆ. ಗೆದ್ದಲ ಕೆಲಸ ಆರು ಪಟ್ಟು ದಾಟುತ್ತದೆ.

ಈಗ ನಿಮ್ಮ ಹೊಲದ ಗೆದ್ದಲಿಗೆ ಬರೋಣ. ಗೆದ್ದಲು ಅಂದರೆ ಒಂದೇ ಹುಳ ಅಂದುಕೊಂಡಿರುತ್ತೇವೆ. ನಮ್ಮೂರಲ್ಲಿ ಒರಲೆ, ಇಲ್ಲಿ ವಾಳವಿ, ಇಂಗ್ಲಿಷಿನವರು ಬಿಳಿ ಇರುವೆ ಅಂದರು. ಇರುವೆಗೂ ಅದಕ್ಕೂ ಸಂಬಂಧವೇ ಇಲ್ಲ, ಅದು ಜಿರಲೆಯ ವಂಶ. ಜಗತ್ತಿನಲ್ಲಿ ಸುಮಾರು 3000 ಜಾತಿಗಳಿವೆ. ಮನೆ, ಬೆಳೆ ಹಾಳು ಮಾಡುವವು ಅದರಲ್ಲಿ ಸಣ್ಣ ಪಾಲು. ಆ ಸಣ್ಣ ಪಾಲಿನ ಮೇಲೆ ನನಗೂ ಸಿಟ್ಟಿದೆ. ಮುಂಬೈನ ಮಾಟುಂಗಾದಲ್ಲಿ ಬಾಡಿಗೆ ಕೋಣೆಯಲ್ಲಿದ್ದಾಗ ಒಂದು ಮಳೆಗಾಲ ಊರಿಗೆ ಹೋಗಿ ಬರುವಷ್ಟರಲ್ಲಿ ನನ್ನ ಎಂಎಸ್ಸಿ ನೋಟ್ಸ್ ಅರ್ಧ ಮಣ್ಣಾಗಿತ್ತು. ಮಣ್ಣಿನ ಜೀವಿಗಳ ಬಗ್ಗೆಯೇ ಬರೆದ ನೋಟ್ಸ್!

ಹುತ್ತ ಕಟ್ಟಿ, ಎಲೆಯ ಮೇಲೆ ಮಣ್ಣು ಹೊದಿಸುವುದು ನೋಡಿದರೆ ನಿಮ್ಮಲ್ಲಿರುವುದು ಒಡಾಂಟೊಟರ್ಮಿಸ್ ಕುಲದ್ದಿರಬೇಕು. ದಖ್ಖನ್, ಘಟ್ಟ, ಕೊಂಕಣ ಎಲ್ಲ ಕಡೆ ಸಾಮಾನ್ಯ. ಇವು ವ್ಯವಸಾಯ ಮಾಡುವ ಗೆದ್ದಲು. ಎಲೆಯನ್ನು ಇವು ನೇರವಾಗಿ ಅರಗಿಸಿಕೊಳ್ಳುವುದಿಲ್ಲ. ಅಗಿದು ನುಂಗುತ್ತವೆ, ಅದು ಹೊಟ್ಟೆಯಲ್ಲಿ ಬೇಗ ಹಾದು ಹೊರಗೆ ಬರುತ್ತದೆ. ಆ ಹಿಕ್ಕೆಯನ್ನು ಗೂಡಿನೊಳಗೆ ಒಣ ಸ್ಪಂಜಿನ ಹಾಗೆ ಗುಡ್ಡೆ ಕಟ್ಟುತ್ತವೆ. ಅದರ ಮೇಲೆ ಟರ್ಮಿಟೋಮೈಸಿಸ್ ಎಂಬ ಅಣಬೆ ಬೆಳೆಯುತ್ತದೆ. ಹುತ್ತ ಒಡೆದಾಗ ಒಳಗೆ ಗಸಗಸೆಗಿಂತ ತುಸು ದಪ್ಪನೆಯ ಬಿಳಿ ಕಾಳು ಕಾಣುತ್ತವಲ್ಲ, ಅದು ಈ ಅಣಬೆಯದೇ. ಗೆದ್ದಲ ಮೊಟ್ಟೆ ಅಂತ ಎಲ್ಲರೂ ತಪ್ಪು ತಿಳಿಯುತ್ತಾರೆ. ಕೆಲವು ವಾರದಲ್ಲಿ ಅಣಬೆ ಎಲೆಯ ಲಿಗ್ನಿನ್ ಅಂಶವನ್ನು, ಅಂದರೆ ಮರವನ್ನು ಗಟ್ಟಿ ಮಾಡುವ ಆ ಅಂಟನ್ನು, ಸಡಿಲಿಸುತ್ತದೆ. ಆಮೇಲೆ ಗೆದ್ದಲು ಹಳೇ ಗುಡ್ಡೆಯನ್ನೇ ತಿಂದು ಮುಗಿಸುತ್ತವೆ. ಈ ಗೆದ್ದಲು, ಅಣಬೆಯ ಕೂಡುಸಂಸಾರಕ್ಕೆ ಸುಮಾರು ಮೂರು ಕೋಟಿ ವರ್ಷ ವಯಸ್ಸು.

ಇಲ್ಲೊಂದು ಪರಿಣಾಮ ಇದೆ, ತೋಟದವರು ಗಮನಿಸಬೇಕು. ಎಲೆ ಅಲ್ಲೇ ತೇವದಲ್ಲಿ ಕೊಳೆತರೆ ಕೊನೆಗೆ ಕಪ್ಪಗಿನ, ಪುಡಿಪುಡಿ ಹ್ಯೂಮಸ್ ಉಳಿಯುತ್ತದೆ. ಅದು ನೀರು ಹಿಡಿಯುತ್ತದೆ, ಮಣ್ಣನ್ನು ಸಡಿಲ ಇಡುತ್ತದೆ. ಗೆದ್ದಲು ತಿಂದ ಎಲೆಯಿಂದ ಅದು ಬಹಳ ಕಡಿಮೆ. ಲಿಗ್ನಿನ್ ಸಮೇತ ಎಲ್ಲ ಮುಗಿಯುತ್ತದೆ, ಇಂಗಾಲದ ಬಹುಪಾಲು ಉಸಿರಿನ ಜೊತೆ ಗಾಳಿಗೆ ಹೋಗುತ್ತದೆ. ಆದ್ದರಿಂದ ‘ನಮ್ಮ ಎಲೆ ಎರಡೇ ತಿಂಗಳಲ್ಲಿ ಗೊಬ್ಬರ ಆಯ್ತು’ ಅಂತ ಯಾರಾದರೂ ಬೇಸಿಗೆಯಲ್ಲಿ ಹೇಳಿದರೆ ನಾನು ನಂಬುವುದಿಲ್ಲ. ಎಲೆ ಮಾಯವಾಗುವುದು ಒಂದು, ಗೊಬ್ಬರ ಆಗುವುದು ಇನ್ನೊಂದು.

ಇಂಗಾಲ ಹೋಯಿತು, ಸಾರಜನಕ? ಇದು ನನಗೆ ಬಹಳ ಇಷ್ಟದ ಭಾಗ. ಒಣ ಕಟ್ಟಿಗೆಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲ ಇರುತ್ತದೆ. ಗೆದ್ದಲ ಮೈಯಲ್ಲಿ ಒಂದಕ್ಕೆ 4ರಿಂದ 12 ಪಾಲು ಅಷ್ಟೇ. ಅಂದರೆ ಬರೀ ಗಂಜಿ ಕುಡಿದು ಪೈಲ್ವಾನ್ ಆಗಬೇಕು. ಅದು ಮಾಡುವ ಉಪಾಯಗಳು ಹಲವು. ಮಿಕ್ಕ ಇಂಗಾಲವನ್ನು ಉಸಿರಾಗಿ ಬಿಡುತ್ತದೆ. ಅಣಬೆಯ ಮೂಲಕ ಸಾರಜನಕವನ್ನು ಒತ್ತಟ್ಟು ಮಾಡಿಕೊಳ್ಳುತ್ತದೆ. ಕೆಲವು ಜಾತಿಗಳ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿಯುತ್ತವೆ, ತೊಗರಿ ಬೇರಿನ ಗಂಟಿನ ಹಾಗೆ. ಇದು ಗೊತ್ತಾದದ್ದು 1973ರಲ್ಲಿ. ಕಟ್ಟಿಗೆ ತಿನ್ನುವ ಜಾತಿಗಳಲ್ಲಿ ಇದು ಜೋರು, ನಿಮ್ಮ ಅಣಬೆ ರೈತರಲ್ಲಿ ಕಡಿಮೆ. ಏನೇ ಇರಲಿ, ನಿಮ್ಮ ಎಲೆಯ ಸಾರಜನಕ ಈಗ ಗೆದ್ದಲ ಮೈಯಲ್ಲಿ, ಅಣಬೆ ಗುಡ್ಡೆಯಲ್ಲಿ ಜಮಾ ಆಗಿದೆ.

ಅದು ಹೊರಗೆ ಬರುವ ದಾರಿ ನೀವು ನೋಡಿಯೇ ಇದ್ದೀರಿ. ಮೊದಲ ಮಳೆ ಬಿದ್ದ ಸಂಜೆ ಟ್ಯೂಬ್‌ಲೈಟ್ ಸುತ್ತ ರೆಕ್ಕೆ ಹುಳ ಮುತ್ತುತ್ತವಲ್ಲ, ಹಳೇ ಮೈಸೂರಿನ ಕಡೆ ಈಸಲು ಅಂತಾರೆ, ಹುರಿದು ತಿನ್ನುವವರೂ ಇದ್ದಾರೆ. ಅವು ಗೆದ್ದಲ ಹೊಸ ರಾಜ ರಾಣಿಯರು, ಮೈತುಂಬ ಪ್ರೋಟೀನು, ಕೊಬ್ಬು. ನೂರಕ್ಕೆ ಒಂದೂ ಬದುಕುವುದಿಲ್ಲ. ಕಪ್ಪೆ, ಹಲ್ಲಿ, ಕಾಗೆ, ಮೈನಾ ಎಲ್ಲ ತಿಂದು ಹೊಲದ ತುಂಬ ಹಿಕ್ಕೆ ಹಾಕುತ್ತವೆ. ನಿಮ್ಮ ಸೊಸೈಟಿಯ ಎಲೆ ಕೊನೆಗೆ ಮೈನಾ ಹಿಕ್ಕೆಯಾಗಿ ಪಕ್ಕದವರ ಶೇಂಗಾ ಹೊಲಕ್ಕೆ ಬಿದ್ದರೂ ಬೀಳಬಹುದು! ಇದರ ಜೊತೆ ಎಲೆಯ ಮೇಲಿದ್ದ ಮಣ್ಣಿನ ಹಂದರ ಮೊದಲ ಮಳೆಗೆ ಕರಗಿ ಅಲ್ಲೇ ಹರಡುತ್ತದೆ. ಅದು ಕೆಳಪದರದಿಂದ ಬಂದ ನುಣ್ಣನೆಯ ಜೇಡಿ. ಮಳೆಯಿಂದ ಮಳೆಗೆ ಹುತ್ತದ ಗೋಡೆಯೂ ಸವೆಯುತ್ತದೆ. ಹಳೇ ಹುತ್ತ ಸತ್ತ ಮೇಲೆ ಇಡೀ ಗುಡ್ಡೆ ನಿಧಾನಕ್ಕೆ ಮಣ್ಣಿಗೆ ಸೇರುತ್ತದೆ. ಅದಕ್ಕೆ ಎಷ್ಟೋ ವರ್ಷ ಹಿಡಿಯುತ್ತದೆ.

ಇಲ್ಲಿ ಒಂದು ನಂಬಿಕೆಗೆ ಅಡ್ಡ ಹೇಳಲೇಬೇಕು. ಹುತ್ತದ ಮಣ್ಣು ಅಂದರೆ ಅಮೃತ ಅಂತ ಕೆಲವರು ಅಗೆದು ತಂದು ಕುಂಡಕ್ಕೆ ಹಾಕುತ್ತಾರೆ. ಒಳಗಿನ ಅಣಬೆ ಕೋಣೆಗಳ ಸುತ್ತ ಪೋಷಕಾಂಶ ಜಾಸ್ತಿ ಇರುತ್ತದೆ, ಒಪ್ಪಿದೆ. ಹೊರಗೋಡೆಯ ಮಾತೇ ಬೇರೆ. ಬಂಡೀಪುರದ ಮೂಲೆಹೊಳೆಯಲ್ಲಿ ಫ್ರಾನ್ಸ್ ಮತ್ತು ಭಾರತದ ಸಂಶೋಧಕರು ಇದೇ ಕುಲದ ಹುತ್ತಗಳ ಮಣ್ಣನ್ನು ಪರೀಕ್ಷಿಸಿದ್ದಾರೆ. ಗೋಡೆ ಮಣ್ಣು ಮೇಲ್ಮಣ್ಣಿಗಿಂತ ಆಳದ ಜೇಡಿಗೇ ಹತ್ತಿರ. ಸಾವಯವ ಅಂಶವನ್ನು ಅಣಬೆಗೆ ಕೊಟ್ಟುಬಿಡುವ ಹುಳ ಗೋಡೆಗೆ ಯಾಕೆ ಹಾಕುತ್ತದೆ, ಅಲ್ವಾ? ಜೇಡಿಯ ಜೊತೆ ಸುಣ್ಣ, ಮೆಗ್ನೀಶಿಯಂ, ಪೊಟ್ಯಾಶ್ ಮೇಲೆ ಬರುತ್ತವೆ, ಅದು ನಿಜವಾದ ಲಾಭ. ರಂಜಕ ಮಾತ್ರ ಜೇಡಿಗೆ ಅಂಟಿಕೊಂಡು ಗಿಡಕ್ಕೆ ಸಿಗದೆಯೂ ಇರಬಹುದು. ಮರಳು ಹೆಚ್ಚಿರುವ, ಗೊರಚು ಮಣ್ಣಿಗೆ ಹುತ್ತದ ಮಣ್ಣು ಹಾಕಿ. ಕಪ್ಪು ಎರೆ ಹೊಲಕ್ಕೆ ಇನ್ನಷ್ಟು ಜೇಡಿ ಹಾಕಿ ಏನು ಮಾಡುತ್ತೀರಿ?

ಪೋಷಕಾಂಶಕ್ಕಿಂತ ನಿಮ್ಮಂಥ ಜಾಗಕ್ಕೆ ಗೆದ್ದಲು ಕೊಡುವ ದೊಡ್ಡ ಉಪಕಾರ ಇನ್ನೊಂದಿದೆ, ರಂಧ್ರ. ಸಾಸವಡದ ಕಡೆ ಮೇಲೆ ಒಂದಡಿ ಮಣ್ಣು, ಕೆಳಗೆ ಮುರುಮ್ ಎನ್ನುವ ಗೊರಚು ಕಲ್ಲುಪುಡಿ, ಅದರ ಕೆಳಗೆ ಕರಿಕಲ್ಲು. ಬಿದ್ದ ಮಳೆ ಇಳಿಯುವ ಮೊದಲೇ ಹರಿದು ಹೋಗುತ್ತದೆ. ಗೆದ್ದಲು ಆಹಾರ ಹುಡುಕಿ ಮಾಡಿದ ಸುರಂಗಗಳ ಬಾಯಿಂದ ನೀರು ಸೀದಾ ಕೆಳಗಿಳಿಯುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಒಣ ಗೋಧಿ ಹೊಲಗಳಲ್ಲಿ ಇರುವೆ, ಗೆದ್ದಲು ಇದ್ದ ಕಡೆ ಇಳುವರಿ ಶೇಕಡ 36 ಹೆಚ್ಚು ಬಂದದ್ದು 2011ರಲ್ಲಿ ವರದಿಯಾಯಿತು. ಕಾರಣ ಇವೇ ಎರಡು, ಇಂಗಿದ ನೀರು ಮತ್ತು ಹೆಚ್ಚಿದ ಸಾರಜನಕ.

ಬುರ್ಕಿನಾ ಫಾಸೋದ ರೈತರು ಇದನ್ನು ಪ್ರಯೋಗಾಲಯದ ಹಂಗಿಲ್ಲದೆ ತಿಳಿದಿದ್ದರು. ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾದ ನೆಲದಲ್ಲಿ ಗೇಣಗಲದ ಗುಣಿ ತೋಡುತ್ತಾರೆ. ಅದಕ್ಕೆ ಸಗಣಿ ಗೊಬ್ಬರ, ಕಸಕಡ್ಡಿ ಹಾಕುತ್ತಾರೆ. ವಾಸನೆಗೆ ಗೆದ್ದಲು ಬಂದು ಗುಣಿಯ ತಳ ಕೊರೆಯುತ್ತವೆ. ಮಳೆ ಬಂದಾಗ ನೀರು ಅಲ್ಲೇ ಇಂಗುತ್ತದೆ, ಅದರಲ್ಲಿ ಜೋಳ, ಸಜ್ಜೆ ಬಿತ್ತುತ್ತಾರೆ. ಈ ‘ಝಾಯ್’ ಗುಣಿಗಳನ್ನು ಸುಧಾರಿಸಿ ಬಂಜರಿನಲ್ಲಿ ಕಾಡು ಎಬ್ಬಿಸಿದ ಯಾಕುಬಾ ಸವದೊಗೊ ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ನಿಮಗೂ ನಾನು ಹೇಳುವುದು ಅದನ್ನೇ. ಗೆದ್ದಲಿಗೆ ಕೆಲಸ ಕೊಡಿ, ಕಾಂಡದ ಹತ್ತಿರ ಮಾತ್ರ ಬೇಡ. ಈಗ ಹೊದಿಸಿರುವ ಎಲೆಯನ್ನು ಪ್ರತಿ ಗಿಡದ ಕಾಂಡದಿಂದ ಎರಡು ಗೇಣು ಹಿಂದಕ್ಕೆ ಎಳೆಯಿರಿ. ಮಾವು, ತೇಗ, ಅಶೋಕದ ಗಡಸು ಎಲೆ, ಕಡ್ಡಿ, ತೆಂಗಿನ ಗರಿ ಇವನ್ನೆಲ್ಲ ಸಾಲುಗಳ ನಡುವೆ ಅಡ್ಡ ಗುಣಿ ತೋಡಿ ಅದಕ್ಕೆ ತುಂಬಿ. ಬೇಸಿಗೆ ಪೂರ್ತಿ ಗೆದ್ದಲು ಅಲ್ಲಿ ಓಡಾಡಲಿ. ಜೂನ್‌ನಲ್ಲಿ ಆ ಗುಣಿಗೆ ನೀರು ನಿಂತು ಇಳಿಯುವುದನ್ನು ನೋಡಿ. ಬುಡಕ್ಕೆ ಹೊದಿಕೆ ಬೇಕು ಅಂದರೆ ಅರ್ಧ ಕೊಳೆತದ್ದು ಹಾಕಿ. ಸೊಸೈಟಿಯ ಎಲೆಯನ್ನು ಅಲ್ಲೇ ಜಾಲರಿ ಪಂಜರದಲ್ಲಿ ತುಂಬಿ, ಸಗಣಿ ನೀರು ಚಿಮುಕಿಸಿ, ಒದ್ದೆ ಇಟ್ಟು ಎರಡು ಮೂರು ತಿಂಗಳು ಬಿಡಿ. ಬಿಸಿಯಾಗಿ ಒದ್ದೆಯಾಗಿರುವ ರಾಶಿ ಗೆದ್ದಲಿಗೆ ಸೇರುವುದಿಲ್ಲ. ಮಳೆಗಾಲದಲ್ಲಿ ಗ್ಲಿರಿಸಿಡಿಯಾ ಸೊಪ್ಪು ಸಿಕ್ಕರೆ ಬಿಡಬೇಡಿ, ಪುಣೆಯ ಟೇಕಡಿಗಳ, ಅಂದರೆ ಗುಡ್ಡಗಳ ಮೇಲೆ ಅದೇ ತುಂಬಿದೆ. ಅದರಲ್ಲಿ ಸಾರಜನಕ ಜಾಸ್ತಿ, ಕೆಲವೇ ವಾರದಲ್ಲಿ ಕರಗುತ್ತದೆ, ಗೆದ್ದಲಿಗೆ ಕಾಯುವುದಿಲ್ಲ.

ಕೊಳೆಯದ ಒಣ ಎಲೆಯನ್ನು ಮಾತ್ರ ಬುಡದ ಮಣ್ಣಿನಲ್ಲಿ ಕಲಸಬೇಡಿ. ಅದನ್ನು ಕೊಳೆಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕೈಗಡ ತೆಗೆದುಕೊಳ್ಳುತ್ತವೆ. ಅಷ್ಟು ದಿನ ಗಿಡ ಹಳದಿ ಬೀಳುತ್ತದೆ.

ಮಾವಿನ ಕಾಂಡದ ಮಣ್ಣನ್ನು ಗೋಣಿತಟ್ಟಿನಿಂದ ಉಜ್ಜಿ ಬೀಳಿಸಿ. ಕೆಳಗಿನ ತೊಗಟೆ ಗಟ್ಟಿಯಾಗಿದ್ದರೆ ಚಿಂತೆ ಬಿಡಿ, ಅವು ತಿನ್ನುತ್ತಿದ್ದದ್ದು ಸತ್ತ ಹೊರತೊಗಟೆ. ಮೆತ್ತಗಾಗಿ ಒಳಗಿನ ಹಸಿ ತಿರುಳು ಕಂಡರೆ, ಅಥವಾ ಗಿಡ ಎರಡು ವರ್ಷಕ್ಕಿಂತ ಸಣ್ಣದಿದ್ದರೆ ಎಚ್ಚರ. ನೀರಿಲ್ಲದೆ ಬಾಡಿದ ಎಳೆ ಗಿಡದ ಬೇರನ್ನು ಇವು ನಿಜಕ್ಕೂ ಕಡಿಯುತ್ತವೆ. ಹಾಗಾಗಿ ಎಳೆ ಗಿಡಕ್ಕೆ ಮೊದಲ ಔಷಧ ನೀರು, ಎರಡನೆಯದು ಬೇವಿನ ಹಿಂಡಿ. ಹಸಿ ಸಗಣಿ ಬುಡಕ್ಕೆ ಹಾಕುವುದು ಗೆದ್ದಲಿಗೆ ಆಮಂತ್ರಣ ಪತ್ರಿಕೆ ಕೊಟ್ಟ ಹಾಗೆ. ಮಾಳಿ ಹೇಳುವ ಔಷಧ ‘ಕ್ಲೋರೋ’ ಇರಬೇಕು, ಅಂದರೆ ಕ್ಲೋರ್‌ಪೈರಿಫಾಸ್. ಅದು ಗೆದ್ದಲಿನ ಜೊತೆ ಇರುವೆಯನ್ನೂ ಕೊಲ್ಲುತ್ತದೆ. ಗೆದ್ದಲಿನ ಮೊದಲ ವೈರಿ ಇರುವೆ. ವೈರಿಯನ್ನೇ ಕೊಂದು ಮುಂದಿನ ವರ್ಷ ಮತ್ತೆ ಡಬ್ಬಿ ತರುತ್ತೀರಿ. ಕಬ್ಬಿನ ಬೀಜದ ತುಂಡು, ಶೇಂಗಾ ಹಾಕುವವರ ಕಷ್ಟ ಬೇರೆ, ಅವರನ್ನು ನಾನು ತಪ್ಪು ಎನ್ನುವುದಿಲ್ಲ. ಹೊಲದಲ್ಲಿ ಕಟ್ಟಿಗೆಯ ಶೆಡ್ ಕಟ್ಟುತ್ತಿದ್ದರೆ ಅದರ ತಳಕ್ಕೂ ಔಷಧ ಬೇಕು. ಹಣ್ಣಿನ ಗಿಡಕ್ಕೆ ಬೇಡ.

ಹುತ್ತದ ವಿಷಯದಲ್ಲಿ ನಾನು ನಿಮ್ಮ ಅತ್ತೆಯವರ ಪಕ್ಷ. ಮೇಲೆ ಕಾಣುವ ಗುಡ್ಡೆ ಅಗೆದರೆ ರಾಣಿ ಸಿಗುವುದು ಕಷ್ಟ, ಸಿಗದಿದ್ದರೆ ಮತ್ತೆ ಕಟ್ಟುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಳೆದಂತೆ ಎಂಜಲು ಕಲಸಿದ ಹುತ್ತದ ಮಣ್ಣಿನ ಗಟ್ಟಿತನ ಬರೀ ಮಣ್ಣಿಗಿಂತ ಸುಮಾರು ಹತ್ತು ಪಟ್ಟು. ಕೂಲಿ ಸುಮ್ನೆ ದಂಡ. ‘ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯ’ ಅನ್ನುವ ನಮ್ಮ ಗಾದೆಯಂತೆ ಒಳಗೆ ಬೇರೆ ಯಾರಾದರೂ ಇದ್ದರೆ ಅಗೆಯುವವನಿಗೆ ಅಪಾಯ. ಗೋವಾದಲ್ಲಿ ಸಾತೇರಿ ದೇವಿಯನ್ನು ಹುತ್ತದ ರೂಪದಲ್ಲೇ ಪೂಜಿಸುತ್ತಾರೆ, ಎಷ್ಟೋ ಗುಡಿಗಳ ಗರ್ಭಗುಡಿಯಲ್ಲಿ ಹುತ್ತವೇ ಇದೆ. ಮಳೆಗಾಲದಲ್ಲಿ ಹುತ್ತದ ಸುತ್ತ ಏಳುವ ಒಳಮಿ ಅಣಬೆಯನ್ನು ಅಲ್ಲಿನ ರಸ್ತೆಬದಿ ಎಲೆಯಲ್ಲಿ ಕಟ್ಟಿ ಮಾರುತ್ತಾರೆ. ಅದು ಇದೇ ಟರ್ಮಿಟೋಮೈಸಿಸ್. ಗೆದ್ದಲಿಲ್ಲದೆ ತೋಟದಲ್ಲಿ ಬೆಳೆಯಲು ಬರುವುದಿಲ್ಲ, ಅದಕ್ಕೇ ಅಷ್ಟು ತುಟ್ಟಿ. ನಿಮ್ಮ ಹುತ್ತದಲ್ಲೂ ಎದ್ದೀತು. ಗುರುತು ಹಿಡಿಯುವವರು ಜೊತೆಗಿಲ್ಲದೆ ಬಾಯಿಗಿಡಬೇಡಿ.

ನನ್ನ ಮಾತು ನಿಮ್ಮ ಮಣ್ಣಿನಲ್ಲಿ ಎಷ್ಟು ನಿಜ ಅಂತ ನೀವೇ ನೋಡಬಹುದು. ಸಂಶೋಧಕರು ಗೆದ್ದಲು ಎಣಿಸಲು ಟಾಯ್ಲೆಟ್ ಪೇಪರಿನ ಸುರುಳಿ ಹೂಳುತ್ತಾರೆ, ನಗಬೇಡಿ, ಅದು ಬರೀ ಸೆಲ್ಯುಲೋಸ್, ಅವಕ್ಕೆ ಪೇಢೆ ಇದ್ದ ಹಾಗೆ. ನಿಮಗೆ ಅಷ್ಟೂ ಬೇಡ. ಚಹಾ ಸೋಸುವ ಜರಡಿಯಷ್ಟು ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯಲ್ಲಿ ನಾಲ್ಕು ಚೀಲ ಮಾಡಿ, ಕೋಳಿಗೂಡಿನ ದೊಡ್ಡ ಕಣ್ಣಿನ ಜಾಲರಿಯಲ್ಲಿ ನಾಲ್ಕು. ನೈಲಾನ್ ಬೇಡ, ಕಡಿದು ಒಳಗೆ ಹೋಗುತ್ತವೆ. ಎಲ್ಲದಕ್ಕೂ ಐವತ್ತು ಐವತ್ತು ಗ್ರಾಂ ಒಣ ಮಾವಿನೆಲೆ ತುಂಬಿ, ಬಾಯಿ ಮಡಚಿ, ಬರುವ ಫೆಬ್ರವರಿಯಲ್ಲಿ ಜೋಡಿ ಜೋಡಿಯಾಗಿ ನೆಲಕ್ಕೆ ಅಂಟಿಸಿ ಇಡಿ. ಮೇ ಕೊನೆಗೆ ಎರಡು ಜೋಡಿ, ಸೆಪ್ಟೆಂಬರ್‌ಗೆ ಎರಡು ಜೋಡಿ ತೆಗೆದು, ಮಣ್ಣು ಕೊಡವಿ, ಒಣಗಿಸಿ ತೂಗಿ. ಸಣ್ಣ ಕಣ್ಣಿನದರಲ್ಲಿ ಕಡಿಮೆಯಾದದ್ದು ಸೂಕ್ಷ್ಮಜೀವಿಗಳ ಕೆಲಸ. ದೊಡ್ಡ ಕಣ್ಣಿನದರಲ್ಲಿ ಅದಕ್ಕಿಂತ ಹೆಚ್ಚು ಹೋದದ್ದರಲ್ಲಿ ಬಹುಪಾಲು ಗೆದ್ದಲ ಲೆಕ್ಕ. ತೂಕ ಬರೆದು ಕಳಿಸಿ. ಪ್ರತಿ ಜೋಡಿ ಹುತ್ತದಿಂದ ಎಷ್ಟು ಹೆಜ್ಜೆ ದೂರ ಇತ್ತು ಅನ್ನುವುದನ್ನೂ ಮರೆಯದೆ ಬರೆಯಿರಿ.